ಕಯಾಕಿಗೆ ಫಿಶ್ ಫೈಂಡರ್: ಸ್ಕ್ರೀನ್ ಆಮೇಲೆ, ನೀರಿನ ಆಳ ಮೊದಲು

ಕಯಾಕಿಗೆ ಫಿಶ್ ಫೈಂಡರ್ (ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿಯಿಂದ ತಳ, ಮೀನು ತೋರಿಸುವ ಯಂತ್ರ) ಹಾಕಿಸಲು ಹೊರಟವರು ಮೊದಲು ಕೇಳುವುದು ‘ಎಷ್ಟು ಇಂಚಿನ ಸ್ಕ್ರೀನ್ ತಗೊಳ್ಳಲಿ’ ಅಂತ. ಅದಕ್ಕೂ ಮೊದಲು ಗೊತ್ತಾಗಬೇಕಿರುವುದು ನೀವು ಹುಟ್ಟು ಹಾಕುವ ನೀರು ಎಷ್ಟು ಆಳ ಅನ್ನುವುದು. ಅಘನಾಶಿನಿ, ಕಾಳಿ, ಸೀತಾ ನದಿಗಳ ಅಳಿವೆಯ ಒಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ತಿರುಗುವವರಿಗೆ ಬಹುಪಾಲು ಸಿಗುವುದು ಒಂದರಿಂದ ಐದು ಮೀಟರ್ ನೀರು. ಮಲ್ಪೆ ಅಥವಾ ಕಾರವಾರದ ದಡದಿಂದ ಹತ್ತಿರದ ಕಲ್ಲುಗಳ ಸುತ್ತ ಹೋಗಿ ಬರುವವರಿಗೆ ಹತ್ತು ಮೀಟರ್ ಆಸುಪಾಸು. ಲಿಂಗನಮಕ್ಕಿ ಹಿನ್ನೀರಿನಲ್ಲಾದರೆ ಇಪ್ಪತ್ತು, ಮುಳುಗಿದ ಹಳೇ ಹೊಳೆಯ ಪಾತ್ರದ ಮೇಲೆ ಇನ್ನೂ ಹೆಚ್ಚು. ಮೂರು ನೀರಿಗೆ ಮೂರು ಥರದ ಸೋನಾರ್ (ಶಬ್ದದಿಂದ ನೋಡುವ ವ್ಯವಸ್ಥೆ) ಬೇಕು. ಡಬ್ಬದ ಮೇಲೆ ‘1,600 ಅಡಿವರೆಗೆ ಕಾಣುತ್ತದೆ’ ಅಂತ ಬರೆದಿದ್ದರೆ ನಮಗೆ ಅದರಿಂದ ಆಗುವುದೇನೂ ಇಲ್ಲ. ಅಷ್ಟು ಆಳ ಹುಡುಕಿಕೊಂಡು ಕಯಾಕಿನಲ್ಲಿ ಯಾರೂ ಹೋಗಬಾರದು ಕೂಡ.

ಟ್ರಾನ್ಸ್‌ಡ್ಯೂಸರ್ (ಶಬ್ದ ಬಿಟ್ಟು ಪ್ರತಿಧ್ವನಿ ಕೇಳುವ ಭಾಗ) ಕೆಳಗೆ ಬಿಡುವ ಶಬ್ದ ಟಾರ್ಚ್ ಬೆಳಕಿನ ಹಾಗೆ ಹರಡಿಕೊಂಡು ಇಳಿಯುತ್ತದೆ. 200 ಕಿಲೋಹರ್ಟ್ಸ್ ಸುತ್ತ ಅದರ ಹರವು ಮಾಡೆಲ್ ನೋಡಿಕೊಂಡು 15ರಿಂದ 20 ಡಿಗ್ರಿ. 77 ಅಥವಾ 83 ಕಿಲೋಹರ್ಟ್ಸ್‌ಗೆ ಇಳಿದರೆ 45ರಿಂದ 60 ಡಿಗ್ರಿ. 15 ಡಿಗ್ರಿಯಲ್ಲಿ ತಳಕ್ಕೆ ಬೀಳುವ ವೃತ್ತದ ಅಗಲ ಆಳದ ಕಾಲು ಭಾಗಕ್ಕಿಂತ ಚೂರು ಹೆಚ್ಚು, 45 ಡಿಗ್ರಿಯಲ್ಲಿ ಆಳದ ಶೇ 80ರಷ್ಟು, 60 ಡಿಗ್ರಿಯಲ್ಲಿ ಆಳವನ್ನೂ ಸ್ವಲ್ಪ ಮೀರುತ್ತದೆ. ಈಗ ಎರಡು ಮೀಟರ್ ನೀರಿಗೆ ಲೆಕ್ಕ ಹಾಕಿ. ಕಿರಿದಾದ ಕೋನ್ (ಶಬ್ದ ಹರಡುವ ಶಂಕು) ತೋರಿಸುವುದು ಬರೀ ಅರ್ಧ ಮೀಟರ್ ಅಗಲದ ಪಟ್ಟಿ. ನಿಮ್ಮ ಕಯಾಕಿನ ಅಗಲವೇ 80 ಸೆಂಟಿಮೀಟರ್ ಇರುತ್ತದೆ. ಅಂದರೆ ನೀವು ನೋಡುತ್ತಿರುವುದು ನಿಮ್ಮ ಸೀಟಿನ ಕೆಳಗಿನ ನೀರನ್ನು ಮಾತ್ರ, ಅಲ್ಲಿದ್ದ ಮೀನು ಹುಟ್ಟಿನ ಸದ್ದಿಗೆ ಆಗಲೇ ಸರಿದಿರುತ್ತದೆ.

ಹಾಗಾಗಿ ಅಳಿವೆಯಲ್ಲಿ ಫಿಶ್ ಫೈಂಡರ್ ಇಟ್ಟುಕೊಳ್ಳುವುದು ತಳ ಓದುವುದಕ್ಕೆ ಅಂತಲೇ ತಿಳಿದುಕೊಳ್ಳಿ. ಕೆಸರು ಮುಗಿದು ಜಂಬಿಟ್ಟಿಗೆ ಕಲ್ಲು ಶುರುವಾಗುವ ಗೆರೆ, ಸೇತುವೆ ಕಂಬದ ಬುಡದಲ್ಲಿ ಹರಿವು ಕೊರೆದ ಗುಂಡಿ, ಗಜನಿ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಕಟ್ಟೆಯ ತೂಬಿನ ಮುಂದೆ ಇಳಿತದ ನೀರು ಬಗೆದ ಕಾಲುವೆ, ಇವು ಗೊತ್ತಾದರೆ ಕೆಂಬೇರಿ ಮೀನು ಎಲ್ಲಿ ಕೂತಿರಬಹುದು ಅನ್ನುವುದನ್ನು ಯಂತ್ರ ಹೇಳಬೇಕಾಗಿಲ್ಲ. ಆಳದ ನೀರಿಗೆ ಬಂದಾಗ ಮಾತ್ರ ಮೀನಿನ ಗುರುತು ನಂಬುವ ಹಂತಕ್ಕೆ ಬರುತ್ತದೆ.

ಯಾವುದನ್ನು ಕೊಳ್ಳುವುದು

ಸಾಮಾನ್ಯ ಸೋನಾರ್ ಎಲ್ಲದರಲ್ಲೂ ಇರುತ್ತದೆ, ಈಗ ಹೆಚ್ಚಿನವು ಚರ್ಪ್ ಬಗೆಯವು. ಒಂದೇ ಆವರ್ತನದ ಬದಲು ಒಂದು ಪಟ್ಟಿಯಷ್ಟು ಆವರ್ತನಗಳನ್ನು ಒಂದಾದ ಮೇಲೊಂದರಂತೆ ಕಳಿಸುವುದರಿಂದ ಹತ್ತಿರ ಹತ್ತಿರ ಇರುವ ಎರಡು ವಸ್ತುಗಳು ಬೇರೆ ಬೇರೆಯಾಗಿ ಕಾಣುತ್ತವೆ. ತಳಕ್ಕೆ ಅಂಟಿಕೊಂಡ ಮೀನನ್ನು ತಳದಿಂದ ಬಿಡಿಸಿ ನೋಡಲು ಇದು ಬೇಕೇ ಬೇಕು. ಅದರ ಮೇಲೆ 455 ಅಥವಾ 800 ಕಿಲೋಹರ್ಟ್ಸ್‌ನ ಡೌನ್ ಇಮೇಜಿಂಗ್ (ನೇರ ಕೆಳಗಿನದನ್ನು ಚಿತ್ರದಂತೆ ತೋರಿಸುವುದು) ಇದ್ದರೆ ಮುಳುಗಿದ ಮರದ ಕೊಂಬೆ ಕೊಂಬೆಯಾಗೇ ಕಾಣುತ್ತದೆ. ಸಾಮಾನ್ಯ ಸೋನಾರಿನಲ್ಲಿ ಅದೇ ಮರ ಒಂದು ಬಣ್ಣದ ಗುಡ್ಡೆ, ಅದನ್ನೇ ಮೀನಿನ ಗುಂಪು ಅಂದುಕೊಂಡು ಅರ್ಧ ದಿನ ಗಾಳ ಹಾಕಿ ಕೂರಬಹುದು. ಹಿನ್ನೀರಿಗೆ ಹೋಗುವವರು ಡೌನ್ ಇಮೇಜಿಂಗ್ ಬಿಡಬೇಡಿ.

ಪಕ್ಕಗಳನ್ನು ಚಿತ್ರದಂತೆ ತೋರಿಸುವ ಸೈಡ್ ಇಮೇಜಿಂಗ್ ಅಳಿವೆಗೆ ಹೇಳಿ ಮಾಡಿಸಿದ್ದು. ಎರಡು ಮೀಟರ್ ನೀರಿನಲ್ಲೂ ಎರಡೂ ಕಡೆ ಇಪ್ಪತ್ತು ಮೀಟರ್ ನೋಡುತ್ತದೆ. ಆದರೆ ಒಂದೇ ವೇಗದಲ್ಲಿ, ನೇರ ಗೆರೆಯಲ್ಲಿ ಹೋದರೆ ಮಾತ್ರ. ಹುಟ್ಟಿನ ಒಂದೊಂದು ಎಳೆತಕ್ಕೂ ಮೂತಿ ಆಚೀಚೆ ಹೊರಳುವ ಚಿಕ್ಕ ಕಯಾಕಿನಲ್ಲಿ ಚಿತ್ರ ಅಲೆ ಅಲೆಯಾಗಿ ಬರುತ್ತದೆ. ಪೆಡಲ್ ಕಯಾಕ್ ಇದ್ದವರಿಗೆ ಈ ತೊಂದರೆ ಕಡಿಮೆ. ಕಡಿಮೆ ಅಂದರೂ 7 ಇಂಚಿನ ಸ್ಕ್ರೀನ್ ಇಲ್ಲದಿದ್ದರೆ ಸೈಡ್ ಇಮೇಜಿಂಗ್‌ಗೆ ದುಡ್ಡು ಹಾಕಬೇಡಿ, 5 ಇಂಚನ್ನು ಎರಡು ಭಾಗ ಮಾಡಿದರೆ ಕಲ್ಲು ಯಾವುದು, ನೆರಳು ಯಾವುದು ತಿಳಿಯುವುದಿಲ್ಲ. ಮುಂದಕ್ಕೆ ನೋಡುವ ಲೈವ್ ಸೋನಾರ್ ಬೇರೆಯೇ ಲೋಕ. ಅದರ ಬೆಲೆ ಹಲವು ಕಯಾಕುಗಳನ್ನು ಮೀರುತ್ತದೆ, ಬ್ಯಾಟರಿಯೂ ಅದಕ್ಕೆ ತಕ್ಕಂತೆ ದೊಡ್ಡದು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಜಿಪಿಎಸ್ ಇಲ್ಲದ ಯೂನಿಟ್ ಬೇಡ. ನಮ್ಮ ಹೊಳೆ, ಹಿನ್ನೀರುಗಳ ಆಳದ ನಕ್ಷೆ ರೆಡಿಮೇಡ್ ಸಿಗುತ್ತದೆ ಅಂತ ನಂಬಿ ಕೂರುವಂತಿಲ್ಲ, ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಓಡಾಡುತ್ತಲೇ ನಕ್ಷೆ ಬರೆದುಕೊಳ್ಳುವ ಸೌಲಭ್ಯ ಇರುವ ಮಾಡೆಲ್ ನೋಡಿ. ಗಾರ್ಮಿನ್‌ನಲ್ಲಿ ಇದಕ್ಕೆ ಕ್ವಿಕ್‌ಡ್ರಾ ಅನ್ನುತ್ತಾರೆ, ಹಮ್ಮಿನ್‌ಬರ್ಡ್‌ನಲ್ಲಿ ಆಟೋಚಾರ್ಟ್ ಲೈವ್. ಒಂದೇ ಹೆಸರಿನ ಸರಣಿಯಲ್ಲೂ ಇರುವುದು, ಇಲ್ಲದಿರುವುದು ಎರಡೂ ಸಿಗುತ್ತವೆ. ಸ್ಟ್ರೈಕರ್ 4ರಲ್ಲಿ ಇದಿಲ್ಲ, ಸ್ಟ್ರೈಕರ್ ಪ್ಲಸ್‌ನಲ್ಲಿ ಇದೆ.

ಒಬ್ಬರಿಗೆ ಒಂದೇ ಉತ್ತರ ಹೇಳು ಅಂದರೆ: 5 ಇಂಚು, ಚರ್ಪ್, ಡೌನ್ ಇಮೇಜಿಂಗ್, ಜಿಪಿಎಸ್, ನಕ್ಷೆ ಬರೆಯುವ ಸೌಲಭ್ಯ. 9 ಇಂಚು ಕಯಾಕಿನಲ್ಲಿ ಕಾಲಿಗೂ ಅಡ್ಡ, ರಾಡಿಗೂ ಅಡ್ಡ, ಬ್ಯಾಟರಿಯನ್ನೂ ತಿನ್ನುತ್ತದೆ. ಕೊಳ್ಳುವಾಗ ಡಬ್ಬದಲ್ಲಿ ಟ್ರಾನ್ಸ್‌ಡ್ಯೂಸರ್ ಇದೆಯೋ, ಬರೀ ಸ್ಕ್ರೀನ್ ಮಾತ್ರವೋ ಅಂತ ಕೇಳಿ. ಅಗ್ಗಕ್ಕೆ ಸಿಗುವ ಎಷ್ಟೋ ಜಾಹೀರಾತುಗಳ ಗುಟ್ಟು ಅದೇ. ಬೇರೆ ಕಂಪನಿಯ ಟ್ರಾನ್ಸ್‌ಡ್ಯೂಸರ್ ತಂದು ಸಿಕ್ಕಿಸಲು ಬರುವುದಿಲ್ಲ, ಒಂದೇ ಕಂಪನಿಯಲ್ಲೂ 4 ಪಿನ್, 8 ಪಿನ್ ಅಂತ ಬೇರೆ ಬೇರೆ ಇರುತ್ತವೆ. ನೀವು ಪೋಲರೈಸ್ಡ್ ಕನ್ನಡಕ ಹಾಕುವವರಾದರೆ ಅಂಗಡಿಗೆ ಅದನ್ನೇ ಹಾಕಿಕೊಂಡು ಹೋಗಿ, ತಲೆ ಆಚೀಚೆ ವಾಲಿಸಿ ನೋಡಿ. ಕೆಲವು ಸ್ಕ್ರೀನ್ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ.

ಟ್ರಾನ್ಸ್‌ಡ್ಯೂಸರ್ ಎಲ್ಲಿ, ಹೇಗೆ

ಹತ್ತರಲ್ಲಿ ಏಳೆಂಟು ತಕರಾರು ಹುಟ್ಟುವುದು ಇಲ್ಲಿ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಟ್ರಾನ್ಸ್‌ಡ್ಯೂಸರಿನ ಮುಖಕ್ಕೂ ನೀರಿಗೂ ನಡುವೆ ಗಾಳಿ ಬಂತೆಂದರೆ ಮುಗಿಯಿತು, ಶಬ್ದ ಅಲ್ಲೇ ವಾಪಸ್ ಬರುತ್ತದೆ.

ಕಯಾಕಿನ ಹಲ್ (ಅದರ ಮೈ, ಇಂಗ್ಲಿಷಿನ hull) ಒಳಗೇ ಅಂಟಿಸುವುದು ಒಂದು ದಾರಿ. ಹೊರಗೆ ಏನೂ ಇರುವುದಿಲ್ಲ, ಜಂಬಿಟ್ಟಿಗೆ ಮೆಟ್ಟಿಲ ಮೇಲೆ ಎಳೆದರೂ ಏನೂ ಆಗುವುದಿಲ್ಲ. ಒಂದೇ ಪದರದ ಪಾಲಿಎಥಿಲೀನ್ ಹಲ್ ಆಗಿದ್ದರೆ ಶಬ್ದ ದಾಟುತ್ತದೆ. ಮೂರು ಪದರದ, ನಡುವೆ ಫೋಮ್ ಇರುವ ಹಲ್ ಆಗಿದ್ದರೆ ದಾಟುವುದಿಲ್ಲ, ಫೋಮ್ ಅಂದರೆ ಗಾಳಿಯ ಗುಳ್ಳೆಗಳೇ ತಾನೇ. ಅಂಟಿಸುವ ಮೊದಲು ಪರೀಕ್ಷೆ ಮಾಡಿ: ಒಂದು ಜಿಪ್ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಟ್ರಾನ್ಸ್‌ಡ್ಯೂಸರ್ ಅದರೊಳಗೆ ಇಳಿಸಿ, ಹಲ್ಲಿನ ಒಳತಳದ ಮೇಲಿಟ್ಟು ಆಳ ಓದಿ. ಆಮೇಲೆ ಅದನ್ನೇ ಕಯಾಕಿನ ಪಕ್ಕ ನೀರಿಗೆ ಇಳಿಸಿ ಓದಿ. ಎರಡೂ ಕಡೆ ಒಂದೇ ಆಳ ಬಂದು, ತಳದ ಗೆರೆ ಸ್ವಲ್ಪ ಮಾತ್ರ ಮಸುಕಾಗಿದ್ದರೆ ಆ ಜಾಗ ಆಗುತ್ತದೆ.

ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಇಲ್ಲಿ ಹಿಡಿಯುವುದಿಲ್ಲ, ಪಾಲಿಎಥಿಲೀನ್ ಯಾವ ಅಂಟನ್ನೂ ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಮೆರೈನ್ ಸಿಲಿಕೋನ್ ಧಾರಾಳವಾಗಿ ಹಾಕಿ. ಟ್ರಾನ್ಸ್‌ಡ್ಯೂಸರನ್ನು ಒಂದು ಅಂಚಿನಿಂದ ಶುರು ಮಾಡಿ ಹೊರಳಿಸುತ್ತಾ ಒತ್ತಿ, ಆಗ ಗಾಳಿ ಒಂದು ಕಡೆಯಿಂದ ಹೊರಗೆ ಹೋಗುತ್ತದೆ. ನೇರ ಮೇಲಿಂದ ಒತ್ತಿದರೆ ಗುಳ್ಳೆ ನಡುವೆ ಸಿಕ್ಕಿಕೊಳ್ಳುತ್ತದೆ, ಅದು ಎಂದೂ ಹೊರಗೆ ಬರುವುದಿಲ್ಲ. ಒಂದು ದಿನಪೂರ್ತಿ ಅಲುಗಾಡಿಸಬೇಡಿ. ಫೋಮ್ ಉಂಗುರ ಮಾಡಿ ಒಳಗೆ ವ್ಯಾಸಲೀನ್ ತುಂಬಿ ಅನ್ನುವ ಸಲಹೆ ತಣ್ಣಗಿನ ದೇಶದವರದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಹಲ್ಲಿನೊಳಗೆ ಅದು ಕರಗಿ ಹರಿಯುತ್ತದೆ. ಒಳಗೆ ಅಂಟಿಸಿದರೆ ಎರಡನ್ನು ಬಿಡಬೇಕಾಗುತ್ತದೆ: ನೀರಿನ ಉಷ್ಣತೆ ಸರಿಯಾಗಿ ಬರುವುದಿಲ್ಲ, ಡೌನ್ ಮತ್ತು ಸೈಡ್ ಇಮೇಜಿಂಗ್ ಕೆಲಸಕ್ಕೆ ಬಾರದಷ್ಟು ಮಂಕಾಗುತ್ತವೆ.

ಆ ಕಾರಣಕ್ಕೇ ಡೌನ್ ಇಮೇಜಿಂಗ್ ಕೊಂಡವರಿಗೆ ಪಕ್ಕದ ತೋಳು ಉತ್ತಮ. 20 ಮಿಲಿಮೀಟರ್ ಚೌಕದ ಅಲ್ಯೂಮಿನಿಯಂ ಪೈಪು ಸುಮಾರು 60 ಸೆಂಟಿಮೀಟರ್, ಕೆಳತುದಿಗೆ ಟ್ರಾನ್ಸ್‌ಡ್ಯೂಸರ್ ಕೂರಿಸುವಷ್ಟು ಒಂದು ಪಟ್ಟಿ, ಮೇಲ್ತುದಿಗೆ ಕಯಾಕಿನ ಗೇರ್ ಟ್ರ್ಯಾಕಿಗೆ (ಸಾಮಾನು ಸಿಕ್ಕಿಸುವ ಅಂಚಿನ ಹಳಿ) ಹಿಡಿಯುವ ಟಿ-ಬೋಲ್ಟ್ ಮತ್ತು ಕೈಯಲ್ಲೇ ತಿರುಗಿಸುವ ನಾಬ್. ನಟ್ಟು ಬೋಲ್ಟು ಎಲ್ಲ ಸ್ಟೇನ್‌ಲೆಸ್, 316 ದರ್ಜೆಯದು ಸಿಕ್ಕರೆ ಅದೇ. ತೋಳು ಹಿಂದಕ್ಕೆ ಮಡಚಿಕೊಳ್ಳಬೇಕು, ಬೋಲ್ಟ್ ಬಿಗಿಯಾಗಿ ಕಚ್ಚಿರಬಾರದು. ಮುಂದಿನಿಂದ ಒಂದು ತೆಳು ಹಗ್ಗ ಕಟ್ಟಿ ನೆಟ್ಟಗೆ ನಿಲ್ಲಿಸಿ. ಕಲ್ಲಿಗೆ ತಾಗಿದಾಗ ತೋಳು ಹಿಂದಕ್ಕೆ ಬೀಳಲಿ, ಟ್ರ್ಯಾಕ್ ಕಿತ್ತು ಬರುವುದು ಬೇಡ. ಕೇಬಲನ್ನು ಕಪ್ಪು ಕೇಬಲ್ ಟೈನಿಂದ ಕಟ್ಟಿ, ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಬುಡದಲ್ಲಿ ತೋಳು ತಿರುಗುವಷ್ಟು ಕೇಬಲ್ ಸಡಿಲ ಬಿಡಿ.

ಎಷ್ಟು ಆಳಕ್ಕೆ ಇಳಿಸುವುದು? ಮುಖ ಹಲ್ಲಿನ ತಳಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕೆಳಗಿದ್ದರೆ ಸಾಕು. ಅದಕ್ಕಿಂತ ಮೇಲಿದ್ದರೆ ಸೈಡ್ ಇಮೇಜಿಂಗ್‌ನ ಒಂದು ಕಡೆಯನ್ನು ಕಯಾಕೇ ಮುಚ್ಚುತ್ತದೆ. ಮುಖ ನೀರಿಗೆ ಸಮತಟ್ಟಾಗಿರುವುದನ್ನು ಅಂಗಳದಲ್ಲಿ ಅಳೆಯಬೇಡಿ. ನೀವು ಕೂತು, ಬ್ಯಾಟರಿ, ಐಸ್ ಪೆಟ್ಟಿಗೆ ಎಲ್ಲ ಇಟ್ಟ ಮೇಲೆ ಕಯಾಕಿನ ಹಿಂಭಾಗ ತಗ್ಗುತ್ತದೆ. ಆ ಸ್ಥಿತಿಯಲ್ಲಿ ದಡದಲ್ಲಿ ನಿಂತವರೊಬ್ಬರಿಗೆ ನೋಡಲು ಹೇಳಿ, ಆಗ ಬೋಲ್ಟ್ ಬಿಗಿ ಮಾಡಿ. ನೀರಿನ ಮಟ್ಟದಿಂದ ಟ್ರಾನ್ಸ್‌ಡ್ಯೂಸರಿಗೆ 15 ಸೆಂಟಿಮೀಟರ್ ಇದ್ದರೆ ಮೆನುವಿನಲ್ಲಿ ಕೀಲ್ ಆಫ್‌ಸೆಟ್ ಅಷ್ಟು ಕೂಡಿಸಿ, ಇಲ್ಲದಿದ್ದರೆ ತೋರಿಸುವ ಆಳ ಅಷ್ಟು ಕಡಿಮೆ ಇರುತ್ತದೆ.

ಸ್ಕಪ್ಪರ್ ತೂತಿನಲ್ಲಿ (ಮೇಲೆ ಬಿದ್ದ ನೀರು ಹರಿದು ಹೋಗುವ ತೂತು) ಕೂರಿಸುವ ಕಯಾಕುಗಳೂ ಇವೆ. ಟ್ರಾನ್ಸ್‌ಡ್ಯೂಸರಿಗೆಂದೇ ತಗ್ಗು ಮಾಡಿ ಕೊಟ್ಟಿದ್ದರೆ ಅದನ್ನೇ ಬಳಸಿ. ಸಾಮಾನ್ಯ ಸ್ಕಪ್ಪರ್ ತೂತಿಗೆ ತುರುಕಿದರೆ ಮುಖ ಹೊರಗೆ ಚಾಚಿ, ಮರಳಿನ ಮೇಲೆ ಎಳೆಯುವಾಗ ಮೊದಲ ಪೆಟ್ಟು ಅದಕ್ಕೇ ಬೀಳುತ್ತದೆ. ಪೆಡಲ್ ಕಯಾಕಿನಲ್ಲಿ ಟ್ರಾನ್ಸ್‌ಡ್ಯೂಸರ್ ಪೆಡಲ್ ಡ್ರೈವ್‌ನ ಹಿಂದೆ ಬೇಡ, ಅದು ಎಬ್ಬಿಸುವ ಗುಳ್ಳೆಗಳು ನೇರ ಅದರ ಕೆಳಗೇ ಹೋಗುತ್ತವೆ. ಗಾಳಿ ತುಂಬುವ ಕಯಾಕಿಗೆ ತೋಳು ಬಿಟ್ಟರೆ ಗತಿಯಿಲ್ಲ.

ಕರೆಂಟ್

ಫಿಶ್ ಫೈಂಡರ್ 12 ವೋಲ್ಟ್‌ನದು. 4 ಇಂಚಿನದು ಕಾಲು ಆಂಪಿಯರ್ ಆಸುಪಾಸು ಎಳೆಯುತ್ತದೆ, 5 ಇಂಚಿನದು ಅರ್ಧದಿಂದ ಮುಕ್ಕಾಲು, 7 ಇಂಚಿನದು ಒಂದು ಅಥವಾ ಅದಕ್ಕೆ ಸ್ವಲ್ಪ ಮೇಲೆ. ಬೆಳಕು ಪೂರ್ತಿ ಏರಿಸಿದಾಗಿನ ಲೆಕ್ಕ ಇದು, ಬಿಸಿಲಿನಲ್ಲಿ ಪೂರ್ತಿ ಏರಿಸದೆ ವಿಧಿಯಿಲ್ಲ. 0.7 ಆಂಪಿಯರ್‌ನಂತೆ ಎಂಟು ಗಂಟೆಗೆ 5.6 ಆಂಪಿಯರ್-ಅವರ್ ಬೇಕು.

ಯುಪಿಎಸ್ ರಿಪೇರಿ ಮಾಡುವ ಯಾವ ಅಂಗಡಿಯಲ್ಲೂ ಸಿಗುವ 12 ವೋಲ್ಟ್ 7 ಆಂಪಿಯರ್-ಅವರ್ ಲೆಡ್ ಬ್ಯಾಟರಿ ಶುರುವಿಗೆ ನಡೆಯುತ್ತದೆ. ತೂಕ ಎರಡು ಕೆಜಿ ದಾಟುತ್ತದೆ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ, ಆದ್ದರಿಂದ ಕೈಗೆ ಸಿಗುವುದು 3.5 ಮಾತ್ರ, ಅಂದರೆ ಐದು ಗಂಟೆ. ಬೆಳಗಿನ ಜಾವ ಹೋಗಿ ಹತ್ತು ಗಂಟೆಗೆ ಬರುವವರಿಗೆ ಅಷ್ಟು ಸಾಕು. ಇಡೀ ದಿನ ಇರುವವರು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೆಗೆದುಕೊಳ್ಳಿ, 10 ಆಂಪಿಯರ್-ಅವರ್‌ನದು ಒಂದೂವರೆ ಕೆಜಿಯ ಒಳಗೇ ಬರುತ್ತದೆ, ಬಹುತೇಕ ಪೂರ್ತಿ ಬಳಸಬಹುದು. ಅದರ ಚಾರ್ಜರ್ ಬೇರೆ, 14.6 ವೋಲ್ಟ್‌ನದು. ಹಳೆ ಲೆಡ್ ಚಾರ್ಜರ್ ಹಾಕಬೇಡಿ. ಇನ್ನೊಂದು ಸಂಗತಿ: ಲೆಡ್ ಬ್ಯಾಟರಿಯ ವೋಲ್ಟೇಜ್ ನಿಧಾನ ಇಳಿಯುತ್ತದೆ, ಸ್ಕ್ರೀನಿನ ಮೂಲೆಯ ಅಂಕಿ ನೋಡಿ ಎಷ್ಟು ಉಳಿದಿದೆ ಹೇಳಬಹುದು. ಲಿಥಿಯಂ ಐರನ್ ಫಾಸ್ಫೇಟ್ 13ರ ಆಸುಪಾಸಿನಲ್ಲೇ ನಿಂತಿದ್ದು ಕೊನೆಗೆ ಒಮ್ಮೆಲೇ ಬೀಳುತ್ತದೆ. ಅದರಲ್ಲಿ ಅಂಕಿ ನಂಬದೆ ಗಂಟೆ ಲೆಕ್ಕ ಇಡಿ. ಮನೆಯಲ್ಲಿ ಲಿಥಿಯಂ ಸೆಲ್ ಜೋಡಿಸಿ ಪ್ಯಾಕ್ ಮಾಡಿಕೊಳ್ಳುವವರು ಮೊದಲು ಯೂನಿಟ್‌ನ ಕೈಪಿಡಿಯಲ್ಲಿ ಮೇಲಿನ ವೋಲ್ಟ್ ಮಿತಿ ಓದಿಕೊಳ್ಳಿ. ನಾಲ್ಕು ಲಿಥಿಯಂ-ಅಯಾನ್ ಸೆಲ್ ಸಾಲಿನಲ್ಲಿಟ್ಟರೆ ಪೂರ್ತಿ ಚಾರ್ಜಿನಲ್ಲಿ 16.8 ವೋಲ್ಟ್ ಆಗುತ್ತದೆ.

ವೈರಿಂಗ್‌ಗೆ ಒಂದು ಸ್ಕ್ವೇರ್ ಎಂಎಂ ವೈರ್ ಧಾರಾಳ. ತಾಮ್ರಕ್ಕೆ ತವರ ಬಳಿದದ್ದು ಸಿಕ್ಕರೆ ಕಾಸು ಹೆಚ್ಚಾದರೂ ತಗೊಳ್ಳಿ. ಫ್ಯೂಸ್ ಕೈಪಿಡಿ ಹೇಳಿದಷ್ಟೇ, ಚಿಕ್ಕ ಯೂನಿಟ್‌ಗಳಿಗೆ ಸಾಮಾನ್ಯವಾಗಿ 3 ಆಂಪಿಯರ್. ಅದು ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಇರಬೇಕು. ಸ್ಕ್ರೀನಿನ ಹತ್ತಿರ ಹಾಕಿದರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿಗೆ ರಬ್ಬರ್ ಗ್ಯಾಸ್ಕೆಟ್ ಇರುವ ಡಬ್ಬ, ವೈರ್ ಹೊರಬರುವಲ್ಲಿ ಕೇಬಲ್ ಗ್ಲ್ಯಾಂಡ್, ಜಾಯಿಂಟ್‌ಗಳಿಗೆ ಒಳಗೆ ಅಂಟಿರುವ ಹೀಟ್ ಶ್ರಿಂಕ್ ಟ್ಯೂಬ್. ಟ್ರಾನ್ಸ್‌ಡ್ಯೂಸರ್ ಕೇಬಲ್ ಉದ್ದವಾಯಿತು ಅಂತ ಕತ್ತರಿಸಲೇಬಾರದು. ಎಂಟರ ಆಕಾರದಲ್ಲಿ ಸುತ್ತಿ ಒಳಗೆ ಕಟ್ಟಿಡಿ, ಕರೆಂಟಿನ ವೈರಿನಿಂದ ಒಂದು ಗೇಣು ದೂರ. ಟ್ರೋಲಿಂಗ್ ಮೋಟಾರ್ ಇದ್ದರೆ ಅದಕ್ಕೆ ಬೇರೆಯೇ ಬ್ಯಾಟರಿ ಇರಲಿ. ಒಂದೇ ಬ್ಯಾಟರಿಗೆ ಎರಡನ್ನೂ ಸಿಕ್ಕಿಸಿದರೆ ಮೋಟಾರ್ ತಿರುಗಿದಾಗೆಲ್ಲ ಸ್ಕ್ರೀನಿನ ತುಂಬ ಅಡ್ಡಗೆರೆ, ಚುಕ್ಕೆ.

ಸ್ಕ್ರೀನ್ ಓದುವುದು

ಬಲ ಅಂಚು ಅಂದರೆ ಈ ಕ್ಷಣ. ಎಡಕ್ಕೆ ಹೋದಷ್ಟೂ ಹಳೆಯದು. ನಡುವಿನಲ್ಲಿ ಒಂದು ಮೀನು ಕಂಡರೆ ಅದನ್ನು ದಾಟಿ ಆಗಲೇ ಹತ್ತಿಪ್ಪತ್ತು ಮೀಟರ್ ಬಂದಿರುತ್ತೀರಿ. ಇದನ್ನು ಗೊತ್ತಿದ್ದೂ ಮರೆತು ನೇರ ಕೆಳಗೆ ಗಾಳ ಇಳಿಸುವವರು ಬಹಳ.

ಮೀನು ಕಮಾನಿನ ಆಕಾರದಲ್ಲಿ ಬರುತ್ತದೆ ಅಂತ ಎಲ್ಲರೂ ಕೇಳಿರುತ್ತಾರೆ. ಕೋನಿನ ಅಂಚಿಗೆ ಬಂದಾಗ ಮೀನು ಟ್ರಾನ್ಸ್‌ಡ್ಯೂಸರಿನಿಂದ ದೂರ, ನಡುವೆ ಬಂದಾಗ ಹತ್ತಿರ, ಹೊರಗೆ ಹೋಗುವಾಗ ಮತ್ತೆ ದೂರ. ಕಮಾನು ಬರುವುದು ಹೀಗೆ. ಆದರೆ ನಾಲ್ಕು ಮೀಟರ್ ನೀರಿನಲ್ಲಿ 15 ಡಿಗ್ರಿ ಕೋನಿನ ಅಗಲ ಒಂದು ಮೀಟರ್, ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುವ ಕಯಾಕ್ ಅದನ್ನು ಒಂದೇ ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಬೀಳುವುದು ಒಂದು ಚುಕ್ಕೆ ಅಥವಾ ಗಿಡ್ಡ ಗೀಟು. ಜಾಹೀರಾತಿನ ಚೆಂದದ ಕಮಾನುಗಳು ಆಳದ ನೀರಿನವು. ಇನ್ನು ಲಂಗರು ಹಾಕಿ ನಿಂತಿದ್ದರೆ ಕೆಳಗೇ ನಿಂತ ಮೀನು ಉದ್ದನೆಯ ಗೆರೆಯಾಗಿ ಹರಿಯುತ್ತದೆ. ಅದು ದೊಡ್ಡ ಮೀನು ಅಂತ ಅರ್ಥವಲ್ಲ, ಕೋನಿನೊಳಗೆ ಬಹಳ ಹೊತ್ತು ಇದೆ ಅಂತ. ಗಾತ್ರಕ್ಕೆ ಗೆರೆಯ ದಪ್ಪ ಮತ್ತು ಬಣ್ಣದ ಗಾಢತೆ ನೋಡಿ.

ಬಣ್ಣವೂ ಪೂರ್ತಿ ಸತ್ಯ ಹೇಳುವುದಿಲ್ಲ. ಪ್ರತಿಧ್ವನಿಯ ಬಹುಭಾಗ ಬರುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಅಂಜಲ್ (ಸುರ್ಮಾಯಿ) ಮೀನಿಗೆ ಗಾಳಿಚೀಲವೇ ಇಲ್ಲ. ಹಾಗಾಗಿ ಮಾರುದ್ದದ ಅಂಜಲ್ ಕೂಡ ತನ್ನ ಗಾತ್ರಕ್ಕೆ ಹೋಲಿಸಿದರೆ ಮಂಕಾಗಿ ಕಾಣುತ್ತದೆ. ಕಡಲಲ್ಲಿ ಅದನ್ನು ನೇರ ಹುಡುಕುವ ಬದಲು ಬೂತಾಯಿ (ಸಾರ್ಡೀನ್) ಗುಂಪಿನ ಮೋಡ ಹುಡುಕಿ, ಆ ಮೋಡ ಒಂದು ಕಡೆ ಒತ್ತಿಕೊಂಡಂತೆ ಅಥವಾ ಹರಿದಂತೆ ಕಂಡರೆ ಕೆಳಗೆ ಯಾರೋ ಇದ್ದಾರೆ. ಪುಟ್ಟ ಮೀನಿನ ಚಿತ್ರ ತೋರಿಸುವ ಫಿಶ್ ಐಡಿಯನ್ನು ಮೊದಲ ದಿನವೇ ಆಫ್ ಮಾಡಿ. ತೇಲುವ ಎಲೆ, ಗುಳ್ಳೆ, ಕಾಂಡ್ಲಾ ಬೇರು ಎಲ್ಲಕ್ಕೂ ಅದು ಮೀನಿನ ಚಿತ್ರ ಬಿಡಿಸುತ್ತದೆ.

ಸೆಟ್ಟಿಂಗ್‌ಗಳಲ್ಲಿ ಮೂರು ಸಾಕು. ಆಳದ ರೇಂಜ್ ಆಟೋದಲ್ಲಿ ಬಿಟ್ಟರೆ ಅಳಿವೆಯಲ್ಲಿ ಪದೇ ಪದೇ ಜಿಗಿಯುತ್ತದೆ, ಕೈಯಾರೆ ಕಟ್ಟಿಬಿಡಿ. ನಾಲ್ಕು ಮೀಟರ್ ನೀರಿಗೆ 0ಯಿಂದ 6. ಸೆನ್ಸಿಟಿವಿಟಿಯನ್ನು ಸ್ಕ್ರೀನಿನ ತುಂಬ ಕಾಳು ಚೆಲ್ಲಿದಂತೆ ಆಗುವವರೆಗೆ ಏರಿಸಿ, ಅಲ್ಲಿಂದ ಎರಡು ಹೆಜ್ಜೆ ಇಳಿಸಿ. ಮಳೆಗಾಲ ಮುಗಿದ ಕೆಂಪು ನೀರಿಗೂ ಬೇಸಿಗೆಯ ತಿಳಿ ನೀರಿಗೂ ಈ ಅಂಕಿ ಬೇರೆ, ಪ್ರತಿ ಸಲ ಮಾಡಬೇಕು. ಸ್ಕ್ರಾಲ್ ವೇಗ ಮಧ್ಯಮ. ಸಿಹಿನೀರು, ಉಪ್ಪುನೀರು ಆಯ್ಕೆ ತಪ್ಪಿದರೆ ಆಕಾಶ ಬೀಳುವುದಿಲ್ಲ. ಶಬ್ದದ ವೇಗ ಉಪ್ಪುನೀರಿನಲ್ಲಿ ಶೇ 2ರಷ್ಟು ಹೆಚ್ಚು, ಐದು ಮೀಟರಿಗೆ ಹತ್ತು ಸೆಂಟಿಮೀಟರ್ ವ್ಯತ್ಯಾಸ ಬಂದೀತು.

ತಳ ಗಟ್ಟಿಯೋ ಕೆಸರೋ ತಿಳಿಯಲು ಒಮ್ಮೊಮ್ಮೆ ರೇಂಜನ್ನು ಆಳದ ಎರಡೂವರೆ ಪಟ್ಟಿಗೆ ಏರಿಸಿ ನೋಡಿ. ಕಲ್ಲು ಅಥವಾ ಚಿಪ್ಪಿನ ಹಾಸಿನ ಮೇಲೆ ನಾಲ್ಕು ಮೀಟರಿನಲ್ಲಿ ಒಂದು ತಳ, ಎಂಟರಲ್ಲಿ ಇನ್ನೊಂದು ಮಸುಕು ತಳ ಕಾಣುತ್ತದೆ. ಶಬ್ದ ತಳಕ್ಕೆ ಬಡಿದು, ನೀರಿನ ಮೇಲ್ಮೈಗೆ ಬಡಿದು, ಮತ್ತೆ ತಳಕ್ಕೆ ಹೋಗಿ ಬಂದ ಗುರುತು ಅದು. ಕೆಸರಿನ ಮೇಲೆ ಎರಡನೆಯದು ಬರುವುದಿಲ್ಲ. ಎರಡನೆಯ ತಳ ಎಲ್ಲಿ ಮಾಯವಾಗುತ್ತದೋ ಅಲ್ಲೊಂದು ವೇಪಾಯಿಂಟ್ (ಜಿಪಿಎಸ್ ಗುರುತು) ಒತ್ತಿ. ಹೀಗೆ ಒಂದು ಕಾಲುವೆಯ ಎರಡೂ ದಡ ಗುರುತು ಮಾಡಿಕೊಂಡರೆ ಕಲ್ಲಿನ ಹಾಸಿನ ಗಡಿ ನಕ್ಷೆಯ ಮೇಲೆ ತಾನೇ ಮೂಡುತ್ತದೆ.

ಇಳಿಜಾರು ದಡದಲ್ಲಿ ಅಗಲದ ಕೋನ್ ಮೋಸ ಮಾಡುತ್ತದೆ. ಕೋನಿನೊಳಗೆ ಎಲ್ಲಕ್ಕಿಂತ ಹತ್ತಿರದ ತಳದ ಪ್ರತಿಧ್ವನಿ ಮೊದಲು ಬರುವುದರಿಂದ ಅದಕ್ಕಿಂತ ಆಳದಲ್ಲಿ ನಿಂತ ಮೀನು ತಳದ ಬಣ್ಣದಲ್ಲೇ ಮುಚ್ಚಿಹೋಗುತ್ತದೆ. ದಡದ ಅಂಚು ಹಿಡಿದು ಹೋಗುವಾಗ ಕಿರಿದಾದ ಕೋನಿಗೆ ಬದಲಿಸಿ. ಬೇರಿನ ಸಂದಿಯಲ್ಲಿ ಕೂತ ಕೆಂಬೇರಿ ಹಾಗೂ ಕಾಣುವುದಿಲ್ಲ, ಅದನ್ನು ಗಾಳವೇ ಕೇಳಬೇಕು.

ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಅಳಿವೆಯಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ ಪದರವಾಗಿ ನಿಂತಾಗ ನಡುನೀರಿನಲ್ಲಿ ಮಸುಕಾದ ಅಡ್ಡಪಟ್ಟಿ ಕಾಣಿಸಬಹುದು. ಅದು ಯಂತ್ರದ ದೋಷವಲ್ಲ. ಸೆನ್ಸಿಟಿವಿಟಿ ಇಳಿಸಿ ಅದನ್ನು ಅಳಿಸಬೇಡಿ, ಚೊಣಕ್ ಮೀನು ಹುಡುಕುವವರು ಆ ಪಟ್ಟಿಯ ಆಳ ನೋಡಿಕೊಂಡು ಅದರ ಕೆಳಗೆ ಲೂರ್ (ಕೃತಕ ಎರೆ) ಓಡಿಸಿ ನೋಡಬಹುದು.

ಗುರುತು ಮಾಡಿದ ಜಾಗ ನಾಳೆ ಅದೇ ಆಳ ಇರುವುದಿಲ್ಲ

ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಉಬ್ಬರ ಇಳಿತದ ನಡುವೆ ಒಂದೂವರೆ ಮೀಟರ್ ವ್ಯತ್ಯಾಸ ಬರುತ್ತದೆ. ಎರಡು ಮೀಟರಿನ ಜಾಗ ಅರ್ಧ ಮೀಟರ್ ಆಗುವ ಮಾತು ಇದು. ವೇಪಾಯಿಂಟ್‌ನ ಹೆಸರಿನಲ್ಲೇ ಆಳ ಮತ್ತು ಉಬ್ಬರದ ಹಂತ ಬರೆಯಿರಿ. ನಕ್ಷೆ ಬರೆಯುವ ಸೌಲಭ್ಯದಲ್ಲಿ ಆ ಹೊತ್ತಿನ ನೀರಿನ ಮಟ್ಟದ ವ್ಯತ್ಯಾಸ ತುಂಬಲು ಜಾಗ ಇರುತ್ತದೆ, ದಾಖಲೆ ಶುರು ಮಾಡುವ ಮುಂಚೆ ತುಂಬಿ. ಇಲ್ಲದಿದ್ದರೆ ಬೆಳಗಿನ ಗೆರೆಗಳೂ ಮಧ್ಯಾಹ್ನದ ಗೆರೆಗಳೂ ಒಂದರ ಮೇಲೊಂದು ಬಿದ್ದು ಇಲ್ಲದ ದಿಬ್ಬ ಹುಟ್ಟಿಕೊಳ್ಳುತ್ತವೆ. ಉಬ್ಬರದ ಪಟ್ಟಿ ಬಂದರಿನ ಬಾಯಿಗೆ ಲೆಕ್ಕ ಹಾಕಿದ್ದು, ಹೊಳೆಯೊಳಗೆ ಹೋದಷ್ಟೂ ಉಬ್ಬರ ತಡವಾಗಿ ಬರುತ್ತದೆ. ನಿಮ್ಮ ಜಾಗದಲ್ಲಿ ಎಷ್ಟು ತಡ ಅನ್ನುವುದನ್ನು ಒಂದು ಸೇತುವೆ ಕಂಬದ ಗುರುತು ನೋಡಿ ತಿಳಿದುಕೊಳ್ಳಿ.

ಹಿನ್ನೀರಿನಲ್ಲಿ ಇದು ಇನ್ನೂ ಸುಲಭ. ಜಲಾಶಯಗಳ ಮಟ್ಟ ದಿನಪತ್ರಿಕೆಯಲ್ಲೇ ಬರುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ. ಮಟ್ಟ 1,800 ಅಡಿ ಇದ್ದ ದಿನ ಆರು ಮೀಟರಿಗೆ ಗುರುತು ಮಾಡಿದ ಬೊಡ್ಡೆ, 1,812 ಅಡಿ ಇರುವ ದಿನ 9.66 ಮೀಟರ್ ಕೆಳಗಿರುತ್ತದೆ. ಗುರುತಿನ ಜತೆ ಆ ದಿನದ ಮಟ್ಟ ಬರೆದಿಟ್ಟರೆ ವರ್ಷವಿಡೀ ಲೆಕ್ಕ ಸಿಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದೇ ಬೊಡ್ಡೆಗಳು ತೋಳಿಗೆ ಬಡಿಯುವ ಮಟ್ಟಕ್ಕೆ ಬರುತ್ತವೆ, ಆಗ ತೋಳು ಎತ್ತಿ ಹೋಗಿ. ಶರಾವತಿ ಹಿನ್ನೀರಿನ ಒಂದು ಭಾಗ ಅಭಯಾರಣ್ಯದೊಳಗಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ಆ ಗಡಿಯನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ಉಳಿದ ಕಡೆ ಮೀನುಗಾರಿಕೆ ಇಲಾಖೆಯ ಪರವಾನಗಿ ಕೇಳಿಕೊಂಡೇ ಇಳಿಯಿರಿ.

ಕೈಕೊಟ್ಟಾಗ

ಅಲೆ ಬಡಿದಾಗ ಯೂನಿಟ್ ಆಫ್ ಆಗಿ ಆನ್ ಆಗುತ್ತಿದ್ದರೆ ಬ್ಯಾಟರಿ ಬದಲಿಸುವ ಮೊದಲು ಫ್ಯೂಸ್ ಹೋಲ್ಡರ್ ಬಿಚ್ಚಿ. ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮಲ್ಟಿಮೀಟರ್ ಹಿಡಿದರೆ ವೋಲ್ಟೇಜ್ ಸರಿಯಾಗೇ ಕಾಣಿಸುವುದರಿಂದ ಜನ ಇಲ್ಲಿ ದಾರಿ ತಪ್ಪುತ್ತಾರೆ. ಯೂನಿಟ್ ಆನ್ ಮಾಡಿ, ಬೆಳಕು ಪೂರ್ತಿ ಏರಿಸಿ, ಆಗ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಕುಸಿದರೆ ಬ್ಯಾಟರಿ ತುದಿಗೂ ಸ್ಕ್ರೀನಿನ ಪ್ಲಗ್ಗಿಗೂ ನಡುವೆ ಒಂದೊಂದೇ ಜಾಯಿಂಟ್ ಅಳೆಯುತ್ತಾ ಬನ್ನಿ, ಎಲ್ಲಿ ಕುಸಿತ ಇದೆಯೋ ಅಲ್ಲಿ ಕಿಲುಬು. ಕೆರೆದು, ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ.

ನಿಂತಾಗ ಆಳ ಸರಿ, ಹೊರಟ ಕೂಡಲೇ ಮಾಯ ಅಂದರೆ ಗುಳ್ಳೆ. ಟ್ರಾನ್ಸ್‌ಡ್ಯೂಸರ್ ಇನ್ನೆರಡು ಸೆಂಟಿಮೀಟರ್ ಇಳಿಸಿ, ಮುಖ ಸಮತಟ್ಟಾಗಿದೆಯೇ ನೋಡಿ. ನೀರಿಗಿಳಿದ ಮೊದಲ ಹತ್ತು ನಿಮಿಷ ಮಾತ್ರ ಚಿತ್ರ ಕೆಟ್ಟದಾಗಿದ್ದರೆ ಒಣಗಿದ ಮುಖಕ್ಕೆ ಗಾಳಿ ಅಂಟಿಕೊಂಡಿರುತ್ತದೆ. ಹೊರಡುವ ಮುನ್ನ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಬೆರಳಲ್ಲಿ ಉಜ್ಜಿದರೆ ಸಾಕು. ಮೇಲಿನ ಅರ್ಧ ಮೀಟರಿನಲ್ಲಿ ಯಾವಾಗಲೂ ಗಲೀಜು ಕಾಣುತ್ತದೆ, ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಕಡಲಿನಿಂದ ಬಂದ ದಿನ ಪ್ಲಗ್ ಕಿತ್ತು, ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ. ಪ್ಲಗ್ ಸಿಕ್ಕಿಸಿಟ್ಟು ತೊಳೆದರೆ ಒಳಗೆ ಸೇರಿದ ಉಪ್ಪು ಅಲ್ಲೇ ಉಳಿಯುತ್ತದೆ. ಟ್ರಾನ್ಸ್‌ಡ್ಯೂಸರಿನ ಮುಖದ ಮೇಲೆ ಹಸಿರು ಲೋಳೆ ಕಟ್ಟಿದ್ದರೆ ಮೆತ್ತಗಿನ ಬಟ್ಟೆ ಮತ್ತು ಸೋಪು. ಥಿನ್ನರ್, ಪೆಟ್ರೋಲ್ ತಾಗಿಸಬೇಡಿ, ಮುಖದ ಪ್ಲಾಸ್ಟಿಕ್ ಬಿರಿಯುತ್ತದೆ. ಜೂನ್‌ನಿಂದ ಕಯಾಕ್ ಕಟ್ಟಿಡುವವರು ಲೆಡ್ ಬ್ಯಾಟರಿ ಪೂರ್ತಿ ತುಂಬಿಸಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಲಿಥಿಯಂ ಆದರೆ ಅರ್ಧ ತುಂಬಿಸಿ ಬಿಚ್ಚಿಡಿ.